ಎಡಗಡೆಯ ಕೆಳತುದಿ

ಹೊಸ ಶಿವದಾರ ಕತ್ತಿನ ಹಿಂದೆ ಕಡಿಯುತ್ತಿತ್ತು. ಬಳ್ಳಾರಿಯಿಂದ ಕುರುಗೋಡಿಗೆ ಕಾರು ಓಡಿಸುತ್ತಿದ್ದ ಗವಿಸಿದ್ದೇಶ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಇನ್ನೊಂದು ಕೈಯ ಬೆರಳನ್ನು ಕಾಲರಿನೊಳಗೆ ತೂರಿಸಿ ಕೆರೆದುಕೊಂಡ. ಇಪ್ಪತ್ತಾರು ವರ್ಷಗಳ ಮೇಲೆ ಕೊರಳಿಗೆ ಮರಳಿದ ಇಷ್ಟಲಿಂಗ ತನ್ನನ್ನು ಒಳಗಿಟ್ಟ ಬೆಳ್ಳಿಯ ಡಬ್ಬಿ, ಕರಡಿಗೆಯ ಸಮೇತ ರಸ್ತೆಯ ಒಂದೊಂದು ತಗ್ಗಿಗೂ ಅವನ ಎದೆಗೆ ಕುಟ್ಟುತ್ತಿತ್ತು, ಒಳಗೆ ಯಾರಾದರೂ ಇದ್ದೀರಾ ಎಂದು ಬಾಗಿಲು ಬಡಿದ ಹಾಗೆ. ದಾರ ಕಾಣಲೆಂದೇ ಅವನು ಅಂಗಿಯ ಮೇಲಿನ ಎರಡು ಗುಂಡಿ ಹಾಕಿರಲಿಲ್ಲ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಬಡಿಸುತ್ತಿದ್ದ ಹೆಂಡತಿ ಅಂಜನಾ ಅದನ್ನು ನೋಡಿ, ‘ಇದೇನ್ರಿ, ಎಲೆಕ್ಷನ್‌ಗೆ ನಿಲ್ಲಾವ್ರೇನು?’ ಎಂದಿದ್ದಳು. ಅವನು ನಗಲಿಲ್ಲ. ನಲವತ್ತೈದರ ಗಂಡಸು, ಗಾಂಧಿನಗರದಲ್ಲಿ ಸ್ವಂತ ಸ್ಕ್ಯಾನಿಂಗ್ ಸೆಂಟರ್ ಇಟ್ಟವನು, ಮಂಗಳವಾರ ಸಿರುಗುಪ್ಪಕ್ಕೂ ಶುಕ್ರವಾರ ಕುರುಗೋಡಿಗೂ ಹೋಗಿ ಜನರ ಹೊಟ್ಟೆ ಕೊರಳು ನೋಡಿ ಬರುವ ಡಾಕ್ಟರು, ಒಬ್ಬ ಹೆಂಗಸಿನ ಎದುರು ಮರ್ಯಾದಸ್ಥನಾಗಿ ಕಾಣುವುದಕ್ಕೋಸ್ಕರ ದೇವರನ್ನು ಕಟ್ಟಿಕೊಂಡು ಹೊರಟಿದ್ದೇನೆ ಎಂದು ಹೆಂಡತಿಗೆ ಹೇಳುವುದಾದರೂ ಹೇಗೆ? ಆ ಹೆಂಗಸು ಬಾದನಹಟ್ಟಿಯ ಚನ್ನವೀರಮ್ಮ. ಒಂಬತ್ತು ದಿನದ ಹಿಂದಿನವರೆಗೆ ಅವಳ ಹೆಸರೂ ಅವನಿಗೆ ನೆನಪಿರಲಿಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ಅವಳು ನೂರಾ ನಲವತ್ತೇಳು.

ಇನ್ನೂರ ಹನ್ನೆರಡು ಕೊರಳುಗಳ ಒಂದು ಪ್ರಬಂಧವನ್ನು ಅವನು ಬರೆಯುತ್ತಿದ್ದ. ಮೈಯ ಕಾವಲುಗಾರರೇ ಕೊರಳಿನ ಥೈರಾಯ್ಡ್ ಗ್ರಂಥಿಯನ್ನು ಪರಕೀಯನೆಂದು ತಿಳಿದು ದಿನಾ ಇಷ್ಟಿಷ್ಟೇ ಕಚ್ಚಿ ತಿನ್ನುವ ಕಾಯಿಲೆ ಇದೆ. ಅಂಥವರಲ್ಲಿ ಕ್ಯಾನ್ಸರಿನ ಅಪಾಯ ಎಷ್ಟು, ಅದನ್ನು ಅಳೆಯುವ ಬಗೆ ಯಾವುದು ಎಂಬುದು ವಿಷಯ. ಇನ್ನೂರ ಹನ್ನೆರಡರಲ್ಲಿ ಒಂಬತ್ತು ಮಂದಿಗೆ ಕ್ಯಾನ್ಸರ್ ಇತ್ತು. ತೀರ್ಮಾನವನ್ನು ಅವನು ಎಣಿಕೆಗೆ ಮೊದಲೇ ಬರೆದಿಟ್ಟುಕೊಂಡಿದ್ದ: ಇಂಥ ರೋಗಿಗಳು ಸುಮ್ಮಸುಮ್ಮನೆ ಗಾಬರಿಯಾಗಬೇಕಿಲ್ಲ, ಆದರೆ ವೈದ್ಯನು ಎರಡೂ ಬದಿಯನ್ನು ಎಚ್ಚರಿಕೆಯಿಂದ ಪೂರ್ತಿಯಾಗಿ ಸ್ಕ್ಯಾನ್ ಮಾಡತಕ್ಕದ್ದು. ‘ಎಚ್ಚರಿಕೆಯಿಂದ’ ಎಂಬ ಮಾತು ಅವನಿಗೆ ಬಹಳ ಹಿಡಿಸಿ, ಅದರ ಕೆಳಗೆ ಗೆರೆ ಎಳೆದಿದ್ದ. ಕಚ್ಚಿಸಿಕೊಂಡ ಗ್ರಂಥಿ ಸ್ಕ್ರೀನಿನ ಮೇಲೆ ಹಳೆಯ ಕೌದಿಯಂತೆ ಕಾಣುತ್ತದೆ, ತೇಪೆಯ ಮೇಲೆ ತೇಪೆ. ನಿಜವಾದ ಕೆಟ್ಟ ಗಂಟು ಅದರೊಳಗೆ ಸಲೀಸಾಗಿ ಅಡಗಿ ಕೂರುತ್ತದೆ. ಅದಕ್ಕೇ ಬಲಗಡೆ ಮೂರು ಚಿತ್ರ, ಎಡಗಡೆ ಮೂರು ಚಿತ್ರ, ಮೇಲೆ, ನಡುವೆ, ಕೆಳಗೆ ಎಂದು ತೆಗೆಯಬೇಕು. ಗಂಟು ಸಿಕ್ಕರೆ ಬಣ್ಣಕ್ಕಿಷ್ಟು, ಆಕಾರಕ್ಕಿಷ್ಟು, ಅಂಚಿಗಿಷ್ಟು, ಒಳಗಿನ ಬಿಳಿ ಚುಕ್ಕೆಗಳಿಗಿಷ್ಟು ಎಂದು ಅಂಕ ಹಾಕಿ ಕೂಡಿಸಿದರೆ ಅಪಾಯದ ದರ್ಜೆ ಸಿಗುತ್ತದೆ. ಒಂಬತ್ತು ದಿನದ ಹಿಂದೆ ಹಳೆಯ ಚಿತ್ರಗಳನ್ನು ತೆಗೆತೆಗೆದು ನೋಡುತ್ತ ಹೋದವನು ನೂರಾ ನಲವತ್ತೇಳರಲ್ಲಿ ನಿಂತ. ಬಲಗಡೆ ಮೂರು ಇದ್ದವು. ಎಡಗಡೆ ಎರಡೇ. ಕೆಳತುದಿಯ ಚಿತ್ರವೇ ಇಲ್ಲ. ಅದರ ಜೊತೆಗಿದ್ದ ವರದಿಯಲ್ಲಿ ಮಾತ್ರ ಅವನದೇ ಸಹಿಯ ಮೇಲೆ, ‘ಎರಡೂ ಬದಿ ಪೂರ್ತಿ ಪರೀಕ್ಷಿಸಲಾಗಿದೆ, ಅನುಮಾನದ ಗಂಟು ಇಲ್ಲ’ ಎಂದಿತ್ತು. ನೋಡದೆ ಬಿಟ್ಟ ಜಾಗಕ್ಕೆ ಎಷ್ಟು ಅಂಕ ಎಂದು ಯಾವ ಪಟ್ಟಿಯೂ ಹೇಳುವುದಿಲ್ಲ.

‘ತಗದ್ ಹಾಕಲೇ ಸಿದ್ದ’ ಎಂದಿದ್ದ ಸಮ್ರಾಟ್. ಅವನು ಹಳೆಯ ಗೆಳೆಯ, ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು, ಪ್ರಬಂಧದ ಲೆಕ್ಕವನ್ನೆಲ್ಲ ನೋಡುತ್ತಿದ್ದವನು. ‘ದಾಖಲೆ ಅಪೂರ್ಣ ಅದಾವು, ಆದ್ದರಿಂದ ಕೈಬಿಡಲಾಗಿದೆ ಅಂತ ಒಂದು ಸಾಲು ಬರಿ. ಎಲ್ಲಾರೂ ಬರೀತಾರ. ಇನ್ನೂರಾ ಹನ್ನೊಂದಾದ್ರೂ ಲೆಕ್ಕ ನಿಲ್ತೈತಿ.’

‘ಆಕಿ?’ ಎಂದಿದ್ದ ಇವನು.

‘ಆಕಿ ಯಾರು?’ ಎಂದು ಸಮ್ರಾಟ್ ನಿಜವಾಗಿಯೂ ತಿಳಿಯದೆ ಕೇಳಿದ್ದ.

ಆಗಲೇ ಗವಿಸಿದ್ದೇಶನಿಗೆ ಎರಡು ವರ್ಷದ ಹಿಂದಿನ ಆ ಮಧ್ಯಾಹ್ನ ನೆನಪಾದದ್ದು. ನೆನಪಾಯಿತು ಎನ್ನುವುದಕ್ಕಿಂತ, ಸಮ್ರಾಟನಿಗೆ ಉತ್ತರ ಕೊಡಬೇಕಾದ್ದರಿಂದ ಅದು ಒದಗಿ ಬಂತು. ಗಾಂಧಿನಗರದ ಸ್ಕ್ಯಾನ್ ಕೋಣೆ, ಹೊರಗೆ ಬೆಂಚುಗಳ ಮೇಲೆ ಹದಿನೆಂಟು ಜನ, ಹೊಟ್ಟೆ ತುಂಬ ನೀರು ಕುಡಿದು ಅವನಿಗೆ ಶಾಪ ಹಾಕುತ್ತಿದ್ದವರು. ಮಂಚದ ಮೇಲೆ ಭುಜದ ಕೆಳಗೆ ದಿಂಬಿಟ್ಟು ಕತ್ತು ಹಿಂದಕ್ಕೆ ಚಾಚಿ ಮಲಗಿದ್ದ ನಲವತ್ತೆಂಟರ ಹೆಂಗಸು ತನ್ನ ಕರಡಿಗೆಯನ್ನು ಎಡ ಮುಷ್ಟಿಯಲ್ಲಿ ಹಿಡಿದು ಕೊರಳಿನ ಬುಡಕ್ಕೆ ಅವಚಿಕೊಂಡಿದ್ದಳು. ಮಲಗಿದಲ್ಲಿಂದಲೇ ಅವನ ತೆರೆದ ಕಾಲರನ್ನು ನೋಡಿ, ‘ತಮ್ಮದು ಯಾವೂರ್ರಿ, ಯಾರ ಮನ್ಯಾವ್ರು?’ ಎಂದಿದ್ದಳು. ಹೇಳಿದ. ‘ಹಂಗಾರ ನಮ್ಮವ್ರ. ಲಿಂಗ ಎಲ್ಲೈತ್ರಿ?’ ಎಂದಳು. ‘ಮನ್ಯಾಗ ಐತ್ರಿ’ ಎಂದ ಅವನು, ಕೊಡೆ ಮರೆತು ಬಂದವನ ಹಾಗೆ. ‘ಹೌದ್ರಾ’ ಎಂದಷ್ಟೇ ಅಂದು ಅವಳು ಕಣ್ಣು ಮುಚ್ಚಿದ್ದಳು. ಬೈದಿದ್ದರೆ ಸಹಿಸಬಹುದಿತ್ತು. ಆ ‘ಹೌದ್ರಾ’ ಅವನ ಕಿವಿಯನ್ನು ಬಿಸಿ ಮಾಡಿತು. ಎಡಗಡೆಯ ಕೆಳತುದಿಗೆ ಬಂದಾಗ ಕೊರಳ ಮೇಲೆ ಆಡಿಸುತ್ತಿದ್ದ ಸ್ಕ್ಯಾನಿನ ಪ್ರೋಬಿಗೆ ಅವಳ ಮುಷ್ಟಿ ಅಡ್ಡ ಬಂತು. ಲಿಂಗ ಸರಿಸಿರಿ ಎಂದು ಎರಡು ಸಲ ಕೇಳಿದೆ, ಅವಳು ಒಪ್ಪಲಿಲ್ಲ ಎಂದು ಅವನು ಆ ರಾತ್ರಿ ಅಂಜನಾಳಿಗೆ ಹೇಳಿದ. ಮರುದಿನ ಸಮ್ರಾಟನಿಗೆ ಹೇಳುವಾಗ ಅದು ಮೂರು ಸಲ ಆಗಿತ್ತು. ಧರ್ಮದ ವಿಷಯ ನೋಡು, ಬಲವಂತ ಮಾಡಾಕ ಬರ್ತೈತೇನು ಎಂದೂ ಸೇರಿಸಿದ. ಸಮ್ರಾಟ್ ಅನುಕಂಪದಿಂದ ತಲೆ ಆಡಿಸಿದ. ಅವನ ಮನೆಯಲ್ಲಿ ಬುದ್ಧನ ಫೋಟೋ ಇತ್ತು. ನಮ್ಮ ಜನಕ್ಕೆ ಇಂಥ ಫಜೀತಿ ಕಡಿಮೆ ಎಂಬ ಒಂದು ನಗೆಯೂ ಆ ಅನುಕಂಪದಲ್ಲಿ ಇತ್ತು.

ಅಷ್ಟಾದರೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಹಗಲು ಕೈ ನಿಲ್ಲುತ್ತಿರಲಿಲ್ಲ. ಮೊನ್ನೆ ಮಂಗಳವಾರ ಸಿರುಗುಪ್ಪದಲ್ಲಿ ಒಂದೊಂದು ಕೊರಳಿಗೂ ಅರ್ಧ ಗಂಟೆ ಹಿಡಿದ. ಕರೂರಿನಿಂದ ಬಸ್ಸು ಹಿಡಿದು ಬಂದಿದ್ದ, ಭತ್ತದ ನಾಟಿ ಬಿಟ್ಟು ಬಂದ ಎಲ್ಲಮ್ಮ ಎಂಬ ಮುದುಕಿಯ ಕತ್ತಿನ ಮೇಲೆ ಪ್ರೋಬು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೋಗುವುದೇ ಹೋಗುವುದು. ಕೊನೆಗೆ ಅವಳು ಅವನ ಕೈ ಹಿಡಿದು ನಿಲ್ಲಿಸಿದಳು. ‘ಸಾಮೀ, ಇಷ್ಟೊತ್ತು ಹುಡಿಕಿದ್ರ ಎಂಥಾರ ಕೊರಳಾಗೂ ಏನಾರ ಒಂದು ಸಿಗ್ತೈತಿ. ಬಿಡ್ರಿ ನನ್ನ, ಬಸ್ ಹೋಗ್ತೈತಿ’ ಎಂದಳು. ಅವಳ ಕೊರಳಲ್ಲಿ ಏನೂ ಇರಲಿಲ್ಲ. ಆರು ಚಿತ್ರ ಸಾಲುವಲ್ಲಿ ಅವನು ನಲವತ್ತು ತೆಗೆದಿದ್ದ. ಚನ್ನವೀರಮ್ಮನ ಬಾಕಿಯನ್ನು ಎಲ್ಲಮ್ಮನ ಕೊರಳಿಗೆ ಕಟ್ಟುತ್ತಿದ್ದೇನೆ, ಊರಿಗೆಲ್ಲ ಹಂಚಿದರೂ ಅವಳದು ಅವಳಿಗೆ ಮುಟ್ಟುವುದಿಲ್ಲ ಎಂದು ಆಗ ಅವನಿಗೆ ಅನ್ನಿಸಿ, ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅಲ್ಲಿಂದಲೇ ಕುರುಗೋಡಿನ ಕ್ಲಿನಿಕ್ಕಿನ ಸಹಾಯಕಿ ಹೇಮಾಳಿಗೆ ಫೋನ್ ಮಾಡಿದ. ಬಾದನಹಟ್ಟಿಯ ಆ ಹೆಂಗಸನ್ನು ಶುಕ್ರವಾರ ಕರೆಸು, ದುಡ್ಡು ಬೇಡ, ಸುಮ್ಮನೆ ಮರುಪರೀಕ್ಷೆ ಎನ್ನು ಎಂದ. ಸ್ವಲ್ಪ ಹೊತ್ತಿಗೆ ಹೇಮಾ ತಿರುಗಿ ಫೋನ್ ಮಾಡಿದಳು. ‘ಬರ್ತಾರಂತ್ರಿ ಸಾರ್. ಎರಡ್ ವರ್ಷದ ಹಿಂದ ಏನೂ ಇಲ್ಲ ಅಂದಿದ್ರಲ್ಲ, ಆ ಡಾಕ್ಟ್ರೇನು ಅಂದ್ರು. ಹೌದ್ರಿ ಅಂದೆ. ಹಂಗಾರ ಬರ್ತೀನಿ, ಒಳ್ಳೇ ಮನಷ್ಯಾ ಅಂದ್ರು.’

ಲಿಂಗದ ಉಪಾಯ ಹೊಳೆದದ್ದು ಆಗ. ಅವಳು ಸರಿಸಲು ಒಪ್ಪದಿದ್ದದ್ದು ನಂಬಿಕೆ ಸಾಲದೆ. ತನ್ನ ಕೊರಳಲ್ಲೂ ದಾರ ಕಂಡರೆ ನಮ್ಮವನೆಂದು ಮಾತು ಕೇಳಿಯಾಳು. ಮೊದಲ ವರ್ಷದ ಹಾಸ್ಟೆಲಿನಲ್ಲಿ ವಾಲಿಬಾಲ್ ಆಡುವಾಗ ಬಡಿಯುತ್ತದೆಂದು ಬಿಚ್ಚಿದ್ದು, ಮೊದಲು ಸೋಪಿನ ಡಬ್ಬಿಗೂ ಆಮೇಲೆ ತಾಯಿ ಕೊಟ್ರಬಸಮ್ಮನ ದೇವರ ಮಾಡಿಗೂ ಹೋಗಿ ಸೇರಿತ್ತು. ಅಂದಿನಿಂದ ಅವಳು ದಿನಾ ಬೆಳಿಗ್ಗೆ ತನ್ನ ಲಿಂಗದ ಪೂಜೆ ಮುಗಿಸಿ ಮಗನದನ್ನೂ ಅಂಗೈಯಲ್ಲಿಟ್ಟು ನೀರು ಹಾಕಿ, ವಿಭೂತಿ ಇಟ್ಟು, ಅವನ ಪರವಾಗಿ ಕಣ್ಣು ಮುಚ್ಚುತ್ತ ಬಂದಿದ್ದಳು. ಇಪ್ಪತ್ತಾರು ವರ್ಷ ಹಾಜರಿ ತಪ್ಪಿಸಿದ ಹುಡುಗನ ಪರವಾಗಿ ತಾಯಿ ‘ಎಸ್ ಸಾರ್’ ಎನ್ನುತ್ತಿದ್ದಂತೆ. ‘ಅವ್ವಾ, ನನ್ನ ಲಿಂಗ ಕೊಡು’ ಎಂದಾಗ ಅವಳು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಅವನು ನಿಜ ಹೇಳುತ್ತಿದ್ದ ಎಂದು ಅವನಿಗೆ ಈಗ, ಕಾರಿನಲ್ಲಿ, ಅನ್ನಿಸುತ್ತಿತ್ತು, ಆಗ ಅನ್ನಿಸಿರಲಿಲ್ಲ. ಹೊಸ ದಾರ ಪೋಣಿಸಿ ಕೊರಳಿಗೆ ಹಾಕಿ, ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಅಡುಗೆಮನೆಯಿಂದ ಅವಳು ತನ್ನ ತಂಗಿಗೆ ಫೋನಿನಲ್ಲಿ ಹೇಳುವುದು ಕೇಳಿಸಿತು: ‘ಯಾರೂ ಹೇಳಿಲ್ಲವ್ವ, ತಾನಾಗೇ ಕೇಳಿ ಕಟ್ಟಿಗೊಂಡ. ಶಿವಾ ಯಾವಾಗ ಯಾರನ್ನ ಹೆಂಗ ಕರೀತಾನೋ!’ ಶಿವನು ಅವನನ್ನು ಕರೆದದ್ದು ಒಂದು ಚಿತ್ರದ ಕೊರತೆಯಿಂದ. ಅದನ್ನು ತಾಯಿಗೆ ಹೇಳುವ ಧೈರ್ಯ ಅವನಿಗೆ ಈ ಜನ್ಮದಲ್ಲಿ ಬರುವ ಹಾಗಿರಲಿಲ್ಲ.

ಕುರುಗೋಡು ಹತ್ತಿರವಾದಂತೆ ರಸ್ತೆಯ ಎರಡೂ ಕಡೆ ಕಣದಲ್ಲಿ ಮೆಣಸಿನಕಾಯಿ ಕೆಂಪಗೆ ಹರಡಿತ್ತು. ಕಾರಿನ ಗಾಜು ಏರಿಸಿದರೂ ಘಾಟು ಒಳಗೆ ನುಗ್ಗಿ ಅವನು ಸೀನಿದ. ಹೇಳಬೇಕಾದ ಮಾತನ್ನು ಇನ್ನೊಮ್ಮೆ ಒಪ್ಪಿಸಿಕೊಂಡ. ನೋಡ್ರಿ ಅಮ್ಮಾ, ಅವತ್ತು ನಿಮ್ಮ ನಂಬಿಕೆಗೆ ಮರ್ಯಾದೆ ಕೊಟ್ಟು ಒಂದು ಜಾಗ ಬಿಟ್ಟಿದ್ದೆ. ಈ ಮಾತಿನಲ್ಲಿ ಸುಳ್ಳು ಎಲ್ಲೂ ಇರಲಿಲ್ಲ, ತಪ್ಪೂ ಯಾರದೂ ಇರಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ ಮಾತನ್ನು ಅವನು ತನ್ನ ಪ್ರಬಂಧದಲ್ಲೂ ಬರೆದಿರಲಿಲ್ಲ. ಅಲ್ಲಿ ಏನೂ ಇರಲಾರದು, ಇನ್ನೂರ ಹನ್ನೆರಡರಲ್ಲಿ ಒಂಬತ್ತೇ ತಾನೆ ಎಂದು ಸಮಾಧಾನ ಮಾಡಿಕೊಂಡ. ತಕ್ಷಣ, ಆ ಒಂಬತ್ತು ಎಂಬುದು ತಾನು ನೋಡಿದ ಕಡೆ ಸಿಕ್ಕ ಒಂಬತ್ತು ಎಂಬುದು ಹೊಳೆಯಿತು.

ಕ್ಲಿನಿಕ್ಕಿನ ಹೊರಗೆ ಬೆಂಚಿನ ಮೇಲೆ ಅವಳೊಬ್ಬಳೇ ಕೂತಿದ್ದಳು. ಗುರುತು ಹತ್ತಿದ್ದು ಮುಖದಿಂದಲ್ಲ, ಸೆರಗಿನೊಳಗೆ ಕೊರಳ ಬುಡದಲ್ಲಿ ಉಬ್ಬಿದ ಕರಡಿಗೆಯಿಂದ. ಅವನನ್ನು ಕಂಡು ಎದ್ದು ನಿಂತು ಕೆಮ್ಮಿದಳು. ಆ ಕೆಮ್ಮು ಅವನ ಎದೆಗೆ ಬಂದು ನಾಟಿತು. ‘ಯಾವಾಗಿಂದ ಕೆಮ್ಮು?’ ಎಂದ, ನಮಸ್ಕಾರಕ್ಕೂ ಮುಂಚೆ. ‘ಕಾಯಿ ಬಿಡಸಾಕ ಹತ್ತಿದಾಗಿಂದ್ರಿ. ಊರಿಗೆ ಊರ ಕೆಮ್ಮಾಕತ್ತೈತಿ’ ಎಂದಳು. ಅವಳ ಕಣ್ಣು ಅವನ ಕಾಲರಿನ ಮೇಲೆ ಬಂದು, ಬಿಳಿಯ ಹೊಸ ದಾರದ ಮೇಲೆ ಒಂದು ಗಳಿಗೆ ನಿಂತು, ಮುಂದಕ್ಕೆ ಹೋಯಿತು. ಮೂರು ದಿನದಿಂದ ಕತ್ತು ಕಡಿಸಿಕೊಂಡವನಿಗೆ ಒಂದು ‘ಹೌದ್ರಾ’ ಕೂಡ ಸಿಗಲಿಲ್ಲವೆಂದು ಬೇಜಾರೇ ಆಯಿತು.

ಹೇಮಾ ಅವಳ ಭುಜದ ಕೆಳಗೆ ದಿಂಬಿಟ್ಟು ಮಲಗಿಸಿದಳು. ಮುಷ್ಟಿ ಮೊದಲಿನಂತೆಯೇ ಕರಡಿಗೆಯನ್ನು ಹಿಡಿದು ಕೊರಳ ಬುಡಕ್ಕೆ ಹೋಯಿತು. ಗವಿಸಿದ್ದೇಶ ಗಂಟಲು ಸರಿಮಾಡಿಕೊಂಡು ಶುರು ಮಾಡಿದ. ‘ನೋಡ್ರಿ ಅಮ್ಮಾ, ಅವತ್ತ ನೀವು ಲಿಂಗ ಸರಸಾಕ ಒಲ್ಲೆ ಅಂದ್ರಿ. ಅದು ನಿಮ್ಮ ನಂಬಿಕೆ, ಅದಕ್ಕ ಮರ್ಯಾದೆ ಕೊಟ್ಟು ನಾನು...’

‘ನಾ ಯಾವಾಗ ಒಲ್ಲೆ ಅಂದೆ?’ ಎಂದಳು ಚನ್ನವೀರಮ್ಮ.

‘ಅವತ್ತ, ಗಾಂಧಿನಗರದಾಗ. ನಾ ಕೇಳಿದಾಗ.’

‘ನೀವು ಕೇಳಲೇ ಇಲ್ರಲ್ಲ.’ ದನಿಯಲ್ಲಿ ಜಗಳವಿರಲಿಲ್ಲ, ಆಶ್ಚರ್ಯ ಮಾತ್ರ ಇತ್ತು. ‘ಕೇಳಿದ್ರ ಆಗಳೇ ಕೈಗೆ ಕಟ್ಟಿಗೊಂಡಿರ್ತಿದ್ದೆ. ಕಣ್ಣಿನ ಆಪರೇಷನ್‌ಗೆ ಹೋದಾಗ ಹಂಗ ಮಾಡಿದ್ದೆ. ಮೈ ಬಿಟ್ಟು ಅಗಲಬಾರ್ದು ಅಷ್ಟ. ಕೊರಳಾಗೇ ಇರಬೇಕು ಅಂತ ಎಲ್ಲೈತ್ರಿ?’ ಹೀಗೆ ಹೇಳುತ್ತಲೇ ಮಲಗಿದಲ್ಲಿಂದಲೇ ದಾರವನ್ನು ತಲೆಯಿಂದ ತೆಗೆದು, ಎಡ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ, ಕರಡಿಗೆಯನ್ನು ಅಂಗೈಯಲ್ಲಿ ಮುಚ್ಚಿ ಕೈಯನ್ನು ಪಕ್ಕಕ್ಕೆ ಚಾಚಿದಳು. ನಾಲ್ಕು ಎಣಿಸುವಷ್ಟರಲ್ಲಿ ಮುಗಿದಿತ್ತು. ಕೊರಳು ಪೂರ್ತಿ ಬರಿದಾಗಿ, ಬಿಸಿಲು ಕಾಣದ ದಾರದ ಗೆರೆಯೊಂದು ಬೆಳ್ಳಗೆ ಉಳಿದಿತ್ತು.

ಅವನು ನಿಂತಲ್ಲೇ ನಿಂತ. ಎರಡು ಸಲ ಕೇಳಿದ್ದೆ, ಮೂರು ಸಲ ಕೇಳಿದ್ದೆ. ಕೇಳಿದ ತನ್ನ ದನಿಯನ್ನು ನೆನಪಿಸಿಕೊಳ್ಳಲು ನೋಡಿದ. ಅಂಜನಾಳಿಗೆ ಹೇಳಿದ ದನಿ ಸಿಕ್ಕಿತು, ಸಮ್ರಾಟನಿಗೆ ಹೇಳಿದ ದನಿ ಸಿಕ್ಕಿತು, ಆ ಕೋಣೆಯಲ್ಲಿ ಆಡಿದ್ದು ಸಿಗಲಿಲ್ಲ. ಅಲ್ಲಿ ಅವಳೊಡನೆ ಆಡಿದ ಕೊನೆಯ ಮಾತು ‘ಮನ್ಯಾಗ ಐತ್ರಿ’ ಎಂಬುದೇ. ಲಿಂಗ ಎಂಬ ಶಬ್ದ ಇನ್ನೊಮ್ಮೆ ಬಾಯಿಗೆ ಬಂದರೆ ಅವಳು ಇನ್ನೇನು ಕೇಳುವಳೋ ಎಂದು ಹೆದರಿ, ಬಾಗಿಲ ಕಡೆ ನೋಡಿ, ‘ಮುಂದಿನವ್ರು ಬರ್ರಿ’ ಎಂದಿದ್ದ. ಅಷ್ಟೇ ಆದದ್ದು. ಅವಳ ಭಕ್ತಿಯಿಂದಲ್ಲ, ತನ್ನ ನಾಚಿಕೆಯಿಂದ ಆ ಜಾಗ ಉಳಿದದ್ದು. ಲಿಂಗಾಯತರ ಮನೆಯಲ್ಲಿ ಹುಟ್ಟಿ, ಲಿಂಗವನ್ನು ಕೈಗೂ ಕಟ್ಟಬಹುದೆಂಬ ಸಣ್ಣ ಮಾತು ತಿಳಿಯದೆ ಹೋಗಿದ್ದ. ಬೇರೆ ಜಾತಿಯ ಡಾಕ್ಟರಾಗಿದ್ದರೆ ಯಾವ ಮುಜುಗರವೂ ಇಲ್ಲದೆ, ‘ಅದನ್ನ ಸ್ವಲ್ಪ ಸರಸ್ರಿ ಯಮ್ಮಾ’ ಎಂದುಬಿಡುತ್ತಿದ್ದ.

‘ಸಾರ್, ಜೆಲ್ ಹಾಕ್ಲೇನ್ರಿ?’ ಎಂದಳು ಹೇಮಾ.

ಬಲಗಡೆಯಿಂದ ಶುರು ಮಾಡಿದ. ಮೇಲೆ, ನಡುವೆ, ಕೆಳಗೆ. ತೇಪೆ ತೇಪೆ ಕೌದಿ, ಹಳೆಯದೇ. ಎಡಗಡೆಗೆ ಹೋಗಲು ಅವಳ ಮೈ ದಾಟಿ ಮುಂದಕ್ಕೆ ಬಾಗಿದ. ಬಾಗಿದ್ದೇ ತಡ, ಎರಡು ಗುಂಡಿ ಬಿಚ್ಚಿದ ಅಂಗಿಯೊಳಗಿಂದ ಅವನ ಕರಡಿಗೆ ಹೊರಕ್ಕೆ ಜಾರಿ, ದಾರದಲ್ಲಿ ಒಮ್ಮೆ ತೂಗಿ, ಸರಿಯಾಗಿ ಅವಳ ಕೊರಳಿನ ಎಡಗಡೆಯ ಕೆಳತುದಿಯಲ್ಲಿ ಜೆಲ್ಲಿನ ಮೇಲೆ ಪಚಕ್ಕನೆ ಕೂತಿತು. ಅವನು ಅದನ್ನು ಒಳಗೆ ತುರುಕಿದ. ಬಾಗಿದರೆ ಮತ್ತೆ ಬಂತು. ಹೇಮಾ ಬಾಯಿಗೆ ಕೈ ಅಡ್ಡ ಹಿಡಿದಳು.

‘ನಿಮ್ದ ಅಡ್ಡ ಬರಾಕತ್ತೈತ್ರಿ’ ಎಂದಳು ಚನ್ನವೀರಮ್ಮ, ಕತ್ತು ಅಲುಗಿಸದೆ. ‘ಕೈಗೆ ಕಟ್ಟಿಗೋರಿ. ಹಂಗಲ್ಲ, ಎರಡ್ ಸುತ್ತು ಹಾಕ್ರಿ. ಹಾಂ. ಹೊಸದಾಗಿ ಕಟ್ಟಿಗೊಂಡ ಕೂಸಿನಂಗ ಆಡ್ತೀರಲ್ಲ.’

ಮದುವೆಯಲ್ಲೂ ಅಷ್ಟು ವಿಧೇಯನಾಗಿ ನಿಂತಿರದ ಗವಿಸಿದ್ದೇಶ ಎಡ ಮಣಿಕಟ್ಟಿಗೆ ಎರಡು ಸುತ್ತು ಹಾಕಿಕೊಂಡ. ನಾಚಿಕೆಯಿಂದ ಬೆನ್ನು ಬೆವರಿತ್ತು. ಆದರೂ ಒಂಬತ್ತು ದಿನದಲ್ಲಿ ಮೊದಲ ಸಲ ಹಗುರವಾದಂತೆ ಅನ್ನಿಸಿ, ನಗುವೂ ಬಂತು. ನಗುತ್ತಲೇ ಪ್ರೋಬನ್ನು ಮೇಲಿನಿಂದ ನಡುವಿಗೆ, ನಡುವಿನಿಂದ ಕೆಳಕ್ಕೆ ತಂದ. ಕೌದಿಯ ಕೊನೆಯ ತೇಪೆಯ ಹಿಂದೆ ಅದು ಇತ್ತು. ಕಪ್ಪಗೆ, ಅಗಲಕ್ಕಿಂತ ಎತ್ತರವಾಗಿ, ಅಂಚು ಹರಿದು, ಒಳಗೆ ಉಪ್ಪಿನ ಹರಳಿನಂಥ ನಾಲ್ಕೈದು ಬಿಳಿ ಚುಕ್ಕೆ. ಬಣ್ಣಕ್ಕಿಷ್ಟು, ಆಕಾರಕ್ಕಿಷ್ಟು, ಅಂಚಿಗಿಷ್ಟು, ಚುಕ್ಕೆಗಳಿಗಿಷ್ಟು. ಅವನ ತಲೆ ತನ್ನ ಪಾಡಿಗೆ ತಾನು ಕೂಡಿಸಿ ಮುಗಿಸಿತು. ಅವಳು ಉಗುಳು ನುಂಗಿದಾಗ ಗಂಟು ಮೇಲಕ್ಕೆದ್ದು ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು.

ನಗು ನಿಂತದ್ದನ್ನು ಅವಳು ಮಲಗಿದಲ್ಲಿಂದಲೇ ನೋಡಿದಳು. ‘ಏನಾರ ಐತೇನ್ರಿ?’

‘ಐತ್ರಿ. ಒಂದು ಗಂಟೈತಿ. ಸೂಜಿ ಹಾಕಿ ನೋಡಬೇಕು.’

‘ಕೆಟ್ಟದ್ದೇನ್ರಿ?’

‘ಇರಬೌದ್ರಿ. ಇದು ನಿಧಾನ ಬೆಳಿಯೋದು, ತಗದ್ರ ವಾಸಿ ಆಗೋದ ಹೆಚ್ಚು. ಆದ್ರ ತಡಾ ಮಾಡಬಾರ್ದು.’

ಕೆಮ್ಮು ಬಂತು, ಅವಳು ಅದನ್ನು ತಡೆದುಕೊಂಡಳು. ಕರಡಿಗೆ ಹಿಡಿದ ಅಂಗೈ ಬಿಗಿಯಾಯಿತು. ‘ಅವತ್ತೂ ಇತ್ತೇನ್ರಿ ಇದು?’

ಇದಕ್ಕೆ ಎಲ್ಲ ಡಾಕ್ಟರುಗಳ ಬಳಿಯೂ ಒಂದು ವಾಕ್ಯ ಇರುತ್ತದೆ. ಆಗ ಕಾಣುವಷ್ಟು ದೊಡ್ಡದಿರಲಿಲ್ಲ ಎಂಬುದು ಆ ವಾಕ್ಯ. ಅದು ಅವನ ನಾಲಗೆಯ ತುದಿಯವರೆಗೆ ಬಂದು, ಹೊರಬೀಳಲು ತಯಾರಾಗಿ ನಿಂತಿತ್ತು. ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಚಿತ್ರವೇ ಇಲ್ಲದ ಮೇಲೆ ಸಾಕ್ಷಿ ಎಲ್ಲಿಯದು? ಮಣಿಕಟ್ಟಿನಲ್ಲಿ ದಾರ ಕಡಿಯಿತು.

‘ಗೊತ್ತಿಲ್ರಿ’ ಎಂದ. ‘ಅವತ್ತ ನಾನು ಇಲ್ಲಿ ನೋಡಲೇ ಇಲ್ಲ. ನೋಡೀನಿ ಅಂತ ಬರದ್ ಕೊಟ್ಟೆ.’

ಹೇಮಾ ಗೋಡೆಯ ಕಡೆ ತಿರುಗಿದಳು. ಹೊರಗೆ ಯಾರೋ ಸೀನಿದರು. ಚನ್ನವೀರಮ್ಮ ಎದ್ದು ಹೋಗಲಿ, ಕೂಗಾಡಲಿ, ಊರಿನವರನ್ನು ಕರೆದು ತರಲಿ ಎಂದು ಅವನು ಕಾದ. ಹಾಗಾದರೆ ಒಳ್ಳೆಯದೆಂದೂ ಅನ್ನಿಸಿತು.

‘ಅವತ್ತ ನನಗ ಗೊತ್ತಾಗಿತ್ತು’ ಎಂದಳು ಕೊನೆಗೆ. ‘ಬಲಗಡಿಗೆ ಮೂರ್ ಸರ್ತಿ ಒತ್ತಿದ್ರಿ, ಎಡಗಡಿಗೆ ಎರಡ ಸರ್ತಿ. ಇನ್ನೊಂದ್ ಸರ್ತಿ ಒತ್ತಂಗಿಲ್ಲೇನ್ರಿ ಅಂತ ಬಾಯಿಗೆ ಬಂದಿತ್ತು. ಓದಿದವ್ರು, ಅವ್ರಿಗೆ ತಿಳೀದೇನು ಅಂತ ಸುಮ್ಮನಾದೆ. ನೀವೂ ಕೇಳಲಿಲ್ಲ, ನಾನೂ ಕೇಳಲಿಲ್ಲ.’ ಅವಳ ಕಣ್ಣ ಕೊನೆಯಿಂದ ಒಂದು ಹನಿ ಕಿವಿಯ ಕಡೆಗೆ ಇಳಿಯಿತು. ಅದನ್ನು ಒರೆಸಲು ಅವಳು ಕೈ ಎತ್ತಲಿಲ್ಲ. ‘ಈಗ ಪೂರ್ತಿ ನೋಡ್ರಿ. ಎಡಗಡಿದು, ಮೊದಲಿಂದ.’

ಅವನು ಪ್ರೋಬು ಒರೆಸಿ, ಹೊಸದಾಗಿ ಜೆಲ್ ಹಾಕಿದ. ಗುಂಡಿ ಒತ್ತಲು ಎಡಗೈ ಚಾಚಿದರೆ ಮಣಿಕಟ್ಟಿನ ಕರಡಿಗೆ ಯಂತ್ರಕ್ಕೆ ತಗುಲಿ ಟಣ್ಣೆಂದಿತು. ಎಡಗಡೆಯ ಮೇಲುತುದಿಯ ಚಿತ್ರ ನಿಂತಿತು.

‘ಒಂದು’ ಎಂದಳು ಚನ್ನವೀರಮ್ಮ, ಗಟ್ಟಿಯಾಗಿ.

ನಡುವಿಗೆ ಬಂದ. ಮತ್ತೆ ಟಣ್ಣೆಂದಿತು.

‘ಎರಡು.’

ಕೆಳತುದಿಗೆ ಇಳಿಯುವಲ್ಲಿ ಅವನ ಕೈ ತಡೆಯಿತು. ಅವಳು ಬಾಯಿ ತೆರೆದು ಕಾಯುತ್ತಿದ್ದಳು.